ಹದವಾದ ಅಲಗಿನ ಮೇಲೆ ಅಚ್ಚು

ಸೈಮಿ ಮೂವತ್ತೊಂದು ವರ್ಷದಿಂದ ಚೂರಿಗಳಿಗೆ ಒರೆ ಹೊಲಿಯುತ್ತಿದ್ದಳು. ಹೆಲ್ಸಿಂಕಿಯಿಂದ ದೂರದ ಕೌಹವಾ ಬಯಲಿನ ಚೂರಿ ಕಮ್ಮಾರರ ಮನೆಗಳಲ್ಲಿ ಅಂಗಳದ ಆಚೆ ಕುಲುಮೆ, ಈಚೆ ಅಡುಗೆಮನೆ. ಗಂಡ ಯಾಲ್ಮಾರಿ ಅಲಗು ಬಡಿದು, ಬರ್ಚ್ ಮರದ ತೊಗಟೆಯ ಚೌಕಗಳನ್ನು ಒಂದರ ಮೇಲೊಂದು ಪೋಣಿಸಿ ಹಿಡಿ ಕೂರಿಸಿ, ಚೂರಿಯನ್ನು ಊಟದ ಮೇಜಿನ ಮೇಲೆ ತಂದಿಟ್ಟು ಹೋಗುತ್ತಿದ್ದ. ಸೈಮಿ ಆಲೂಗಡ್ಡೆ ಸಿಪ್ಪೆ ಸರಿಸಿ ಜಾಗ ಮಾಡಿಕೊಳ್ಳುತ್ತಿದ್ದಳು. ತೊಗಲನ್ನು ಹಾಲು ಕಾಯಿಸುವ ಪಾತ್ರೆಯ ಪಕ್ಕದ ಬೋಗುಣಿಯಲ್ಲಿ ನೆನೆಹಾಕಿ, ಒದ್ದೆಯಾಗಿರುವಾಗಲೇ ಚೂರಿಗೆ ಸುತ್ತಿ, ಬೆನ್ನಿನುದ್ದಕ್ಕೂ ಮೇಣದ ದಾರದಲ್ಲಿ ಹೊಲಿಯುತ್ತಿದ್ದಳು. ತೊಗಲು ಒಣಗುತ್ತಾ ಆ ಒಂದೇ ಚೂರಿಯ ಅಳತೆಗೆ ಬಿಗಿಯುತ್ತಿತ್ತು. ಅವಳು ಹೊಲಿದ ಒರೆಯನ್ನು ತಲೆಕೆಳಗು ಮಾಡಿ ಒದರಿದರೂ ಚೂರಿ ಜಾರುತ್ತಿರಲಿಲ್ಲ.

ಕೊಳ್ಳಲು ಬಂದವರು ಒಮ್ಮೊಮ್ಮೆ, "ಒರೇನೂ ನೀನೇ ಮಾಡ್ತೀಯೇನಪ್ಪಾ?" ಎನ್ನುತ್ತಿದ್ದರು.

"ಅದು ಮನೇಲೇ ಆಗುತ್ತೆ," ಎನ್ನುತ್ತಿದ್ದ ಯಾಲ್ಮಾರಿ.

ಕಾಫಿ ಬಗ್ಗಿಸುತ್ತಾ ನಿಂತಿರುತ್ತಿದ್ದ ಸೈಮಿಗೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ರೊಟ್ಟಿಯೂ ಮನೆಯಲ್ಲೇ ಆಗುತ್ತಿತ್ತು, ಕಾಲುಚೀಲವೂ ಮನೆಯಲ್ಲೇ ಆಗುತ್ತಿತ್ತು.

ಕುಲುಮೆಯೊಳಗೆ ಅವಳು ಹೋಗುತ್ತಿದ್ದದ್ದು ಊಟಕ್ಕೆ ಕರೆಯಲು ಮಾತ್ರ. ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಹಾಕುವ ಹೊತ್ತಿಗಂತೂ ಬಾಗಿಲ ಹತ್ತಿರವೂ ಸುಳಿಯುವಂತಿರಲಿಲ್ಲ. ಹೆಂಗಸಿನ ಕಣ್ಣು ಬಿದ್ದರೆ ಉಕ್ಕು ಹಾಳಾಗುತ್ತದೆ ಎಂದು ಮಾವನ ಕಾಲದಿಂದ ನಂಬಿಕೆ. ಎರಡು ವರ್ಷದ ಹಿಂದೆ ಯಾಲ್ಮಾರಿಯ ಬಲಭುಜ ಕೈಕೊಟ್ಟಿತು. ಆಗ ಸುತ್ತಿಗೆ ಹಿಡಿದವಳು ಮಗಳು ಔನೆ. ಅಂದಿನಿಂದ ಬಡಿಯುವುದು, ಹದ ಹಾಕುವುದು, ಮಸೆಯುವುದು ಎಲ್ಲ ಅವಳದೇ. ಯಾಲ್ಮಾರಿ ಎಡಗೈಯಲ್ಲಿ ಅಲಗಿನ ಮೇಲೆ ತನ್ನ ಹೆಸರಿನ ಅಚ್ಚು ಮಾತ್ರ ಹೊಡೆಯುತ್ತಿದ್ದ. ನಂಬಿಕೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಅದು ಹೋಯಿತೆಂದು ಸೈಮಿಗೂ ಯಾರೂ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ಔನೆ ಒಂದು ಚೂರಿಯನ್ನು ತನ್ನ ಪಾಡಿಗೆ ಮಾಡಿದಳು. ಅಲಗು ಸ್ವಲ್ಪ ಗಿಡ್ಡ, ಹಿಡಿ ಹೆಂಗಸಿನ ಅಂಗೈಗೆ ಸರಿಯಾದ ದಪ್ಪ. ಮೀನು ಸೀಳಲು, ತೊಗಟೆ ಸುಲಿಯಲು, ಗಂಟು ಕತ್ತರಿಸಲು ಮನೆಯ ಹೆಂಗಸರು ದಿನವಿಡೀ ಚೂರಿ ಹಿಡಿಯುತ್ತಾರೆ. ಆದರೆ ಎಲ್ಲ ಹಿಡಿಗಳೂ ಗಂಡಸಿನ ಮುಷ್ಟಿಯ ಅಳತೆಯವು.

"ಅಮ್ಮ, ಇದಕ್ಕೆ ನನ್ನದೇ ಅಚ್ಚು ಹೊಡೀಬೇಕು ಅಂತಿದೀನಿ. ಮೊದಲಕ್ಷರ ಸಾಕು. ಒಂದು ಮೊಳೆ ತುದೀನ ತೀಡಿದ್ರೆ ಅಚ್ಚಾಗುತ್ತೆ," ಎಂದಿದ್ದಳು.

"ಇಪ್ಪತ್ನಾಕು ದಾಟ್ತು ನಿಂಗೆ. ಕೈ ನೋಡ್ಕೋ, ಮಸಿ ಮಸಿ. ಇನ್ನು ಹೆಸರು ಬೇರೆ ಹೊಡ್ಕೊಂಡ್ರೆ ಯಾವನು ಬರ್ತಾನೆ ಈ ಮನೆ ಬಾಗಿಲಿಗೆ?"

"ಬರೋನು ಚೂರಿ ನೋಡಿ ಓಡೋದಾದ್ರೆ ಓಡ್ಲಿ ಬಿಡಮ್ಮ."

"ಬೇಡ ಅಂದ್ನಲ್ಲ."

ಔನೆ ವಾದ ಮಾಡಲಿಲ್ಲ. ಅಪ್ಪನ ಅಚ್ಚನ್ನೂ ಹೊಡೆಯಲಿಲ್ಲ, ತನ್ನದನ್ನೂ ಹೊಡೆಯಲಿಲ್ಲ. ಬೋಳು ಅಲಗಿಗೇ ಹದ ಹಾಕಿದಳು. ಸೈಮಿ ಅದಕ್ಕೆ ಒರೆ ಹೊಲಿದುಕೊಟ್ಟಳು. ತನಗೂ ಅಂಥದೊಂದು ಇದ್ದರೆ ಚೆನ್ನಿತ್ತು ಎಂದುಕೊಂಡಳು, ಹೇಳಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಊರಿನ ಸಭಾಂಗಣದಲ್ಲಿ ಕೈಕೆಲಸದ ಪ್ರದರ್ಶನ. ಯಾಲ್ಮಾರಿಯ ಹತ್ತು ಚೂರಿಗಳ ಸಾಲಿನ ಕೊನೆಯಲ್ಲಿ ಔನೆ ತನ್ನದನ್ನು ಇಟ್ಟು, ಕಾಫಿ ಹಂಚುವ ಪಾಳಿಗೆ ಹೋದಳು. ಶಾಲೆಯಲ್ಲಿ ಮರಗೆಲಸ ಕಲಿಸುವ ಉಲ್ಯಾಸ್ ಮಾಸ್ತರರು ತೀರ್ಪುಗಾರರು. ಅವರು ಎಲ್ಲ ಬಿಟ್ಟು ಆ ಕೊನೆಯ ಚೂರಿಯನ್ನೇ ಎತ್ತಿಕೊಂಡರು, ಹೆಬ್ಬೆರಳಿನಿಂದ ಹರಿತ ನೋಡಿದರು, ಒರೆಗೆ ಹಾಕಿ ತೆಗೆದು ಮತ್ತೆ ಹಾಕಿದರು.

"ಇದ್ಯಾರದ್ದು? ಅಚ್ಚೇ ಇಲ್ವಲ್ಲ?"

ಪಕ್ಕದ ಮನೆಯ ಸಾಂತ್ರಾ ಸೈಮಿಯ ಪಕ್ಕೆಗೆ ತಿವಿದಳು. "ಹೇಳೇ, ನಿಮ್ಮ ಮೇಜಿನ ಮೇಲೇ ಇದೆ."

ಔನೆ ಆಗಷ್ಟೇ ಕಾಫಿ ತಟ್ಟೆ ಹಿಡಿದು ಒಳಬಾಗಿಲಲ್ಲಿ ಬಂದು ನಿಂತಿದ್ದಳು. ಸೈಮಿ ಅವಳನ್ನು ನೋಡಿದಳು. ಸುತ್ತ ಇಪ್ಪತ್ತು ಗಂಡಸರ ಟೋಪಿಗಳನ್ನೂ ನೋಡಿದಳು.

"ನಮ್ಮ ಯಜಮಾನಂದೇ," ಎಂದಳು. "ಅಚ್ಚು ಹೊಡೆಯೋದು ಮರೆತಿದಾನೆ."

"ಅಚ್ಚು ಮರೆತ್ನಾ!" ಸಾಂತ್ರಾ ಕೈತಟ್ಟಿ ನಕ್ಕಳು. "ಬರೋ ಭಾನುವಾರ ಪ್ಯಾಂಟು ಮರೆತು ಚರ್ಚಿಗೆ ಬರ್ತಾನೆ ನೋಡ್ತಿರು!"

ಎಲ್ಲರೂ ನಕ್ಕರು. ಯಾಲ್ಮಾರಿಯೂ ನಕ್ಕ. "ವಯಸ್ಸಾಯ್ತಲ್ಲ," ಎಂದ. ಅಲ್ಲ ಎನ್ನಲಿಲ್ಲ.

"ಮೂವತ್ತು ವರ್ಷದಲ್ಲಿ ನೀನು ಇಂಥದ್ದು ಮಾಡಿರ್ಲಿಲ್ಲ ಯಾಲ್ಮಾರಿ," ಎಂದರು ಮಾಸ್ತರರು. "ಹೆಲ್ಸಿಂಕಿಯ ದೊಡ್ಡ ಪ್ರದರ್ಶನಕ್ಕೆ ಕಳಿಸ್ತೀನಿ. ಆದ್ರೆ ಮಾಡಿದೋರ ಗುರುತಿಲ್ದೆ ಅಲ್ಲಿ ತಗೊಳ್ಳಲ್ಲ. ಹೇಗಾದ್ರೂ ಒಂದು ಗುರುತು ಮಾಡಿಡು. ಗುರುವಾರ ಬರ್ತೀನಿ."

ಔನೆ ತಟ್ಟೆಯ ಕಪ್ಪುಗಳನ್ನು ಒಂದೊಂದಾಗಿ ಹಂಚಿದಳು. ಅಮ್ಮನಿಗೂ ಒಂದು ಕೊಟ್ಟಳು.

ಮನೆಗೆ ಬಂದ ಮೇಲೂ ಅವಳು ಯಾಕೆ ಹಾಗಂದೆ ಎಂದು ಕೇಳಲಿಲ್ಲ. ಕೇಳಿದ್ದರೆ ಸೈಮಿ ಜೋರು ಮಾಡಬಹುದಿತ್ತು. ನಾಲ್ಕು ದಿನ ಔನೆ ಉಪ್ಪು ಕೊಡು, ಬಕೆಟ್ ಕೊಡು ಎಂದಷ್ಟೇ ಮಾತಾಡಿದಳು. ಸೌನಾದ ಹಬೆಮನೆಯಲ್ಲಿ ಎಂದಿನಂತೆ ಅಮ್ಮನ ಬೆನ್ನು ಉಜ್ಜಿದಳು. ಯಾಲ್ಮಾರಿ ಚೂರಿಯ ಸುದ್ದಿಗೇ ಹೋಗಲಿಲ್ಲ. ಹೊಗಳಿಕೆ ಇಟ್ಟುಕೊಳ್ಳಲು ಅವನಿಗೆ ಅಡ್ಡಿಯಿರಲಿಲ್ಲ, ಮಗಳ ಚೂರಿಯ ಮೇಲೆ ಅವಳೆದುರಿಗೇ ತನ್ನ ಹೆಸರು ಹಾಕಲು ಮಾತ್ರ ಕೈ ಏಳುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅಪ್ಪ ಮಗಳು ಆಲೂಗಡ್ಡೆ ಅಗೆಯಲು ಹೊಲಕ್ಕೆ ಹೋದರು. ಅಚ್ಚು ಬೀಳದಿದ್ದರೆ ಮಾಸ್ತರರು ಮತ್ತೆ ಕೇಳುತ್ತಾರೆ, ತಾನು ಹೇಳಿದ್ದು ಸುಳ್ಳೆಂದು ಊರಿಗೆಲ್ಲ ಗೊತ್ತಾಗುತ್ತದೆ. ಸೈಮಿ ಹಿಟ್ಟಿನ ಕೈ ಒರೆಸಿಕೊಂಡು ಕುಲುಮೆಗೆ ಹೋದಳು. ಅಚ್ಚು ಕಿಟಕಿಯ ದಂಡೆಯ ಮೇಲಿತ್ತು. ಅಲಗನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು, ಹಿಡಿಯ ಪಕ್ಕಕ್ಕೆ ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆದಳು. ಅಚ್ಚು ಜಾರಿತು; ಅಲಗಿನ ಮೇಲೆ ಗೀರೂ ಬೀಳಲಿಲ್ಲ. ರೊಟ್ಟಿ ಮಿದಿಯುವ ತೋಳು ಅವಳದು. ಎರಡನೆಯ ಸಲ ಪೂರ್ತಿ ಬಲ ಹಾಕಿದಳು.

ಟಣ್ಣೆಂದು ಅಲಗು ಹಿಡಿಯ ಬುಡಕ್ಕೆ ಮುರಿದು ನೆಲದ ಮೇಲೆ ಬಿತ್ತು. ಅಚ್ಚಿನ ಒಂದು ಮೂಲೆಯೂ ಹಾರಿಹೋಗಿತ್ತು.

ಅವಳು ಮುರಿದ ಅಲಗನ್ನು ಒರೆಯೊಳಗೆ ಹಾಕಿ ಅದರ ಮೇಲೆ ಹಿಡಿಯನ್ನು ಒತ್ತಿದಳು. ಹೊರಗಿನಿಂದ ನೋಡಿದರೆ ಇಡೀ ಚೂರಿಯೇ. ಒರೆ ಎಷ್ಟು ಚೆನ್ನಾಗಿ ಹಿಡಿದಿದೆ ಎಂದು ಒಂದು ಗಳಿಗೆ ಅನ್ನಿಸಿಬಿಟ್ಟಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಮಧ್ಯಾಹ್ನ ಮಾಸ್ತರರು ಬಂದರು. ಸೈಮಿ ಏಲಕ್ಕಿ ಹಾಕಿದ ಸಿಹಿ ಬನ್ನು ಕೊಯ್ದಿಟ್ಟಳು, ಕಾಫಿ ಬಗ್ಗಿಸಿದಳು. ಯಾಲ್ಮಾರಿ ಮತ್ತು ಔನೆ ಮಣ್ಣಿನ ಕೈ ತೊಳೆದು ಬಂದು ಕೂತರು.

"ಎಲ್ಲಪ್ಪಾ ನಿನ್ನ ಚೂರಿ?"

"ತಗೊಂಡು ಬಾ ಸೈಮಿ," ಎಂದ ಯಾಲ್ಮಾರಿ, ಕಪ್ಪಿನಿಂದ ಕಣ್ಣೆತ್ತದೆ.

ಅವಳು ತಂದಿಟ್ಟಳು. ಮಾಸ್ತರರು ಎಳೆದರು. ಬರೀ ಹಿಡಿ ಕೈಗೆ ಬಂತು.

ಯಾಲ್ಮಾರಿ ಹಿಡಿಯನ್ನು ತೆಗೆದುಕೊಂಡು ಮುರಿದ ಜಾಗವನ್ನು ಬೆಳಕಿಗೆ ಹಿಡಿದ. ಮಾಸ್ತರರು, "ನಿನ್ನ ಉಕ್ಕು ಹೀಗೆ ಮುರಿದದ್ದು ನಾನು ಕಂಡಿರ್ಲಿಲ್ಲ," ಎಂದರು.

"ಹದ ಜಾಸ್ತಿಯಾಗಿರ್ಬೇಕು." ಯಾಲ್ಮಾರಿ ಹಿಡಿಯನ್ನು ಮೇಜಿನ ಮೇಲಿಟ್ಟ. "ಇದಕ್ಕೆ ಹದ ಹಾಕಿದ್ದು ಹುಡುಗಿ."

ಔನೆ ತಲೆಯೆತ್ತಿ ಅಪ್ಪನನ್ನು ನೋಡಿದಳು. ಆಮೇಲೆ ಅಮ್ಮನನ್ನು. ಸಿಟ್ಟಿನ ನೋಟವಾಗಿದ್ದರೆ ಸೈಮಿ ತಡೆದುಕೊಳ್ಳುತ್ತಿದ್ದಳೇನೋ. ಇದು ಗೊತ್ತಿದ್ದದ್ದೇ ಆಯಿತು ಎನ್ನುವ ನೋಟ.

ಸೈಮಿ ಕಾಫಿ ಪಾತ್ರೆ ಕೆಳಗಿಟ್ಟಳು. "ಹದ ಸರಿಯಾಗೇ ಇತ್ತು. ಮುರಿದವಳು ನಾನು. ಅಚ್ಚು ಹೊಡೆದೆ."

"ಹದ ಹಾಕಿದ ಮೇಲೆ?" ಯಾಲ್ಮಾರಿಯ ದನಿ ಏರಿತು. "ಮೆತ್ತಗಿದ್ದಾಗ ಹೊಡೆಯೋದು ಕಣೇ ಅದು, ಹದಕ್ಕೆ ಮುಂಚೆ! ಮೂವತ್ತು ವರ್ಷ ಕಮ್ಮಾರನ ಮನೇಲಿದೀಯ, ಇಷ್ಟೂ ಗೊತ್ತಿಲ್ವಾ?"

"ಯಾರು ಹೇಳಿದ್ರು ನಂಗೆ?"

ಸೈಮಿ ಏಪ್ರನ್ ಜೇಬಿನಿಂದ ಅಚ್ಚನ್ನು ತೆಗೆದು ಕಪ್ಪುಗಳ ನಡುವೆ ಇಟ್ಟಳು. ಯಾಲ್ಮಾರಿಯ ಕೈ ತಕ್ಷಣ ಅದರ ಕಡೆ ಹೋಯಿತು.

"ಇನ್ನೊಂದು ಮಾತು, ಮಾಸ್ತರೇ. ಈ ಚೂರಿ ಇವನದ್ದಲ್ಲ. ಔನೆಯದು. ಎರಡು ವರ್ಷದಿಂದ ಈ ಮನೆಯಿಂದ ಹೊರಟ ಎಲ್ಲಾನೂ ಅವಳದೇ. ಇದಕ್ಕೆ ಅವಳು ತನ್ನ ಅಚ್ಚು ಹೊಡೀತೀನಿ ಅಂದ್ಲು. ಬೇಡ ಅಂದಿದ್ದು ನಾನು. ಅಲ್ಲಿ ಎಲ್ಲರ ಮುಂದೆ ಸುಳ್ಳು ಹೇಳಿದ್ದೂ ನಾನೇ."

ಮಾಸ್ತರರು ಬನ್ನಿನ ತುಂಡನ್ನು ಕೆಳಗಿಟ್ಟು ಔನೆಯ ಕಡೆ ತಿರುಗಿದರು. "ತಿಂಗಳ ಕೊನೇವರೆಗೆ ಸಮಯ ಇದೆ. ಇನ್ನೊಂದು ಮಾಡೋಕಾಗುತ್ತಾ?"

"ಆಗುತ್ತೆ."

"ಯಾರ ಗುರುತು ಹಾಕ್ತೀಯ?"

"ನಂದು," ಎಂದಳು ಔನೆ. ಈ ಸಲ ಅಮ್ಮನ ಕಡೆ ನೋಡಲಿಲ್ಲ.

ಅವಳು ಕಪ್ಪು ತೊಳೆಯಲು ನಿಲ್ಲದೆ ನೇರವಾಗಿ ಕುಲುಮೆಗೆ ಹೋದಳು. ಸೈಮಿ ನಾಲ್ಕೂ ಕಪ್ಪುಗಳನ್ನು ತೊಳೆದು ಬೋರಲು ಹಾಕಿದಳು.

ಹತ್ತು ದಿನದ ಮೇಲೆ ಔನೆ ಹದ ಹಾಕದ ಒಂದು ಅಲಗನ್ನು ತಂದು ಮೇಜಿನ ಮೇಲಿಟ್ಟಳು. ಬುಡದಲ್ಲಿ ಸಣ್ಣದೊಂದು ಅಕ್ಷರ ಒತ್ತಿತ್ತು. "ಈಗ ಮೆತ್ತಗಿದೆ. ಅದಕ್ಕೇ ಅಚ್ಚು ಕೂತಿದೆ, ಮುಟ್ಟಿ ನೋಡು," ಎಂದಳು. ಸೈಮಿ ಮುಟ್ಟಿದಳು. "ನಾಳೆ ಹದ ಹಾಕ್ತೀನಿ. ನೋಡ್ಬೇಕಂದ್ರೆ ಬಾ." ಅಷ್ಟೇ ಹೇಳಿ ಹೋದಳು.

ಮಾರನೆಯ ದಿನ ಸೈಮಿ ಕುಲುಮೆಯ ಬಾಗಿಲವರೆಗೆ ಹೋದಳು. ಹೊಸ್ತಿಲ ಮೇಲೆ ಕಾಲಿಡಲು ನಾಚಿಕೆಯಾಗಿ, ಹೊರಗೇ ನಿಂತು ಎಣ್ಣೆ ಚುಯ್ ಎನ್ನುವುದನ್ನು ಕೇಳಿಸಿಕೊಂಡಳು.

ಭಾನುವಾರ ಚರ್ಚಿನ ಅಂಗಳದಲ್ಲಿ ಸಾಂತ್ರಾ ಸೈಮಿಯನ್ನು ತಡೆದು ನಿಲ್ಲಿಸಿದಳು. "ಹುಡುಗಿ ಮಾಡಿದ್ದಂತೆ? ಮತ್ತೆ ಅವತ್ತು ಯಾಕೇ ಹಾಗಂದೆ?"

ಮುದುಕನ ಮರೆವು, ಕಣ್ಣಿನ ಮಂಜು, ಸೈಮಿಗೆ ಹೇಳಲು ನೆಪಗಳು ಬೇಕಾದಷ್ಟಿದ್ದವು.

"ಸುಳ್ಳು ಹೇಳಿದೆ," ಎಂದಳು.

ಹೊಸ ಚೂರಿಗೆ ಸೈಮಿ ಹೊಸ ತೊಗಲು ನೆನೆಹಾಕಿದಳು. ಹಳೆಯ ಒರೆ ಅದಕ್ಕೆ ಆಗುವಂತಿರಲಿಲ್ಲ. ಅದರೊಳಗೆ ಮುರಿದ ಅಲಗು ಸಿಕ್ಕಿಕೊಂಡಿತ್ತು. ಇಕ್ಕಳ ಹಾಕಿ ಎಳೆದರೂ ಬರಲಿಲ್ಲ, ಅಷ್ಟು ಬಿಗಿಯಾಗಿ ಹೊಲಿದಿದ್ದಳು. ಯಾಲ್ಮಾರಿ ಒಲೆಗೆ ಹಾಕು ಎಂದ. ಅವಳು ಅದನ್ನು ಕಾಫಿ ಡಬ್ಬಿಯ ಪಕ್ಕದ ಮೊಳೆಗೆ ನೇತುಹಾಕಿದಳು, ದಿನಕ್ಕೆ ಐದು ಸಲ ಕೈ ಹೋಗುವ ಜಾಗದಲ್ಲಿ.