ನೀಲಿ ದೀಪ ಮತ್ತು ನಾಲ್ಕು ಡಬ್ಬಿ

ಕಳೆದ ಭಾನುವಾರ ಸಂಜೆ ನಾಲ್ಕು ಜನ ರಿಟೈರ್ಡ್ ಗಂಡಸರು ನಮ್ಮ ಮನೆಗೆ ಒಂದು ದೀಪ ನೋಡಲು ಬಂದಿದ್ದರು.

ದೇವರ ದೀಪವಲ್ಲ. (ಅದನ್ನು ನೋಡಲು ಯಾರು ಬರುತ್ತಾರೆ? ಬಂದರೂ ಪ್ರಸಾದಕ್ಕೆ.) ನಮ್ಮವರ ರಿಸೀವರಿನ ಮುಖದ ಮೇಲೆ ಹತ್ತಬೇಕಾದ, ಕಿರುಬೆರಳ ಉಗುರಿನಷ್ಟು ನೀಲಿ ದೀಪ.

ರಿಸೀವರ್ ಎಂದರೆ ಫೋನಿನದಲ್ಲ. ನಮ್ಮ ಹಾಲ್‌ನಲ್ಲಿ ಐದು ಸ್ಪೀಕರುಗಳಿವೆ, ಸೋಫಾ ಪಕ್ಕದಲ್ಲಿ ಗುಡುಗುವ ದಪ್ಪ ಪೆಟ್ಟಿಗೆಯೊಂದಿದೆ. ಡಿಸ್ಕ್ ಪ್ಲೇಯರ್ ಕೊಟ್ಟ ಶಬ್ದವನ್ನು ಇವಕ್ಕೆಲ್ಲ ಹಂಚುವ ಹೆಡ್ ಕ್ಲರ್ಕ್ ಈ ರಿಸೀವರ್. ಆಫೀಸರ್ ಆಗಿದ್ದು ರಿಟೈರ್ ಆದ ನಮ್ಮವರಿಗೆ ಈಗ ಇರುವ ಏಕೈಕ ಸಬಾರ್ಡಿನೇಟ್.

ಹೋದ ತಿಂಗಳು ಹೊಸ ಬ್ಲೂ-ರೇ ಪ್ಲೇಯರ್ ಬಂತು. ಡಿಸ್ಕಿನ ಕವರಿನ ಮೇಲೆ ‘ಲಾಸ್‌ಲೆಸ್’ ಎಂದಿತ್ತು.

“ಹಾಗಂದ್ರೆ ಸ್ಟುಡಿಯೋದಲ್ಲಿ ಹೇಗಿತ್ತೋ ಹಾಗೇ ಕಣೇ. ಒಂದು ಚೂರೂ ಕಳೆದುಹೋಗಲ್ಲ. ಸರಿಯಾಗಿ ಬಂದ್ರೆ ನೀಲಿ ದೀಪ ಹತ್ತುತ್ತೆ.”

ಇಷ್ಟನ್ನು ನನಗೆ ಹೇಳಿ ಸುಮ್ಮನಿರಬಹುದಿತ್ತು. ಜಯನಗರದ ಪಾರ್ಕಿನಲ್ಲಿ ವಾಕಿಂಗ್ ಗೆಳೆಯರಿಗೆಲ್ಲ ಹೇಳಿ, ಭಾನುವಾರ ಐದು ಗಂಟೆಗೆ ಡೆಮಾನ್‌ಸ್ಟ್ರೇಷನ್ ಎಂದು ಡೇಟ್ ಕೊಟ್ಟುಬಿಟ್ಟರು. ಇವರ ಆಫೀಸಿನಲ್ಲೇ ಪಕ್ಕದ ಟೇಬಲ್ಲಿನಲ್ಲಿದ್ದ ಶೇಷಾದ್ರಿಯವರಂತೂ, “ದೀಪ ಹತ್ತಲಿಲ್ಲ ಅಂದ್ರೆ ನಾವೇ ಒಂದು ಟಾರ್ಚ್ ತರ್ತೀವಿ ಬಿಡೋ” ಎಂದಿದ್ದರಂತೆ. ಆ ಟಾರ್ಚಿನ ಮಾತು ಇವರ ನಿದ್ದೆ ಕೆಡಿಸಿತು.

ಗುರುವಾರವಾದರೂ ದೀಪ ಹತ್ತಲಿಲ್ಲ.

ಕತ್ರಿಗುಪ್ಪೆಯ ಅಂಗಡಿಯವರಿಗೆ ಫೋನ್ ಹೋಯಿತು. “ಅಂಕಲ್, ನಿಮ್ಮ ಹಳೇ ಆಪ್ಟಿಕಲ್ ಕೇಬಲ್ಲಲ್ಲಿ ಅಷ್ಟೊಂದು ಸೌಂಡ್ ಹಿಡಿಸಲ್ಲ. ಎಚ್‌ಡಿಎಂಐ ಹಾಕಿ.” ಆಟೋದಲ್ಲಿ ಹೋಗಿ ತಂದು ಹಾಕಿದ್ದೂ ಆಯಿತು. ಶಬ್ದವೇನೋ ಭರ್ಜರಿಯಾಗಿ ಬಂತು. ಶೋಕೇಸಿನ ಗಾಜು ನಡುಗಿತು, ಎದುರು ಮನೆಯ ನಾಯಿ ನೈತಿಕ ಆಕ್ಷೇಪ ಎತ್ತಿತು. ಆದರೆ ದೀಪ ಹತ್ತಬೇಕಾದ ಕಡೆ ‘ಮಲ್ಟಿ ಚಾನೆಲ್ ಪಿಸಿಎಂ’ ಎಂಬ ಬಡ ಅಕ್ಷರಗಳು.

“ಪಿಸಿಎಮ್ಮಾ? ಇದಕ್ಕಾ ನಾನು ಇಷ್ಟು ಒದ್ದಾಡಿದ್ದು?” ಎಂದು ತಲೆಯ ಮೇಲೆ ಕೈ ಹೊತ್ತು ಕೂತರು.

ಮ್ಯಾನ್ಯುಯಲ್ ಓದಿದ್ದಾರಾ? ಛೆ, ಯಾವ ಗಂಡಸು ಓದುತ್ತಾನೆ? ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಆಗ್ನೆಸ್ “ರೀಡ್ ದ ಕ್ವೆಶ್ಚನ್ ಟ್ವೈಸ್, ಗರ್ಲ್ಸ್” ಎನ್ನುತ್ತಿದ್ದರು. ಐವತ್ತು ವರ್ಷದ ಮೇಲೂ ಆ ದನಿ ಕೇಳಿಸುತ್ತದೆ. ಭೂತಗನ್ನಡಿ ಹಿಡಿದು ಎರಡು ಸಲ ಓದಿದೆ.

ವಿಷಯ ಇಷ್ಟೇ. ಡಿಸ್ಕಿನಲ್ಲಿ ಶಬ್ದವನ್ನು ಮಡಿಸಿ ಕಟ್ಟಿಟ್ಟಿರುತ್ತಾರೆ. ಆ ಕಟ್ಟನ್ನು ಪ್ಲೇಯರೇ ಬಿಚ್ಚಿ ಕಳಿಸಿದರೆ ಪಿಸಿಎಂ. ಕಟ್ಟಿದ್ದಂತೆಯೇ ಕಳಿಸಿ ರಿಸೀವರ್ ಬಿಚ್ಚಿದರೆ ಅದು ಬಿಟ್‌ಸ್ಟ್ರೀಮ್. ರಿಸೀವರ್ ತಾನೇ ಬಿಚ್ಚಿದಾಗ ಮಾತ್ರ ಹೆಮ್ಮೆಯಿಂದ ದೀಪ ಹತ್ತಿಸುತ್ತದೆ.

“ರೀ, ಎರಡರಲ್ಲೂ ಸೌಂಡ್ ಒಂದೇ ಅಂತೆ. ಲಾಸ್ ಏನೂ ಆಗಿಲ್ಲ.”

“ಒಂದೇ ಆಗಿದ್ರೆ ದೀಪ ಯಾಕೆ ಇಟ್ಟಿದ್ದಾರೆ?”

ಪ್ಲೇಯರಿನ ಮೆನುವಿಗೆ ಹೋಗಿ ಬಿಟ್‌ಸ್ಟ್ರೀಮ್ ಒತ್ತಿದೆ. ದೀಪ ಹತ್ತಿತು.

“ನೋಡು! ಈಗ ಕೇಳು ಆ ಗುಡುಗು! ಮೊದಲು ಹೀಗಿತ್ತಾ?”

“ಎಲ್ಲಿತ್ತು ರೀ” ಎಂದೆ. (ಫರ್ಗಿವ್ ಮಿ, ಸಿಸ್ಟರ್.) ಮೊದಲ ಸ್ಕೂಟರ್ ಮನೆಗೆ ತಂದ ದಿನ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತ ನಿಂತಿದ್ದರಲ್ಲ, ಅದೇ ಮುಖ. ಎಷ್ಟು ವರ್ಷವಾಗಿತ್ತು ಅದನ್ನು ನೋಡಿ!

ಭಾನುವಾರ ದೀಪ ಉರಿಯಿತು. ನಾಲ್ವರೂ ಸ್ಪೀಕರ್ ಬಿಟ್ಟು ಅದನ್ನೇ ನೋಡುತ್ತ “ಏನ್ ಕ್ಲಾರಿಟಿ!” ಎಂದರು. ಟಾರ್ಚ್ ಯಾರೂ ತಂದಿರಲಿಲ್ಲ. ಬೋಂಡದ ತಟ್ಟೆ ಹಿಡಿದು ಬಂದ ನನ್ನನ್ನು ಶೇಷಾದ್ರಿಯವರು, “ಅತ್ತಿಗೆ, ಈ ಬಿಟ್‌ಸ್ಟ್ರೀಮ್ ಅಂದ್ರೆ ಏನು?” ಎಂದು ಕೇಳಿದರು.

ಕೇಳಬಾರದಿತ್ತು.

ನಾನು ಜಂಬದಿಂದ ವಿವರಿಸಿದೆ. “ಇವರ ಟಿಫನ್ ಕ್ಯಾರಿಯರ್ ಇದ್ದ ಹಾಗೆ. ಅನ್ನ, ಹುಳಿ, ಪಲ್ಯ, ಮೊಸರು, ನಾಲ್ಕು ಡಬ್ಬಿ, ಬೇರೆ ಬೇರೆ. ಕಲಸಿ ಕಳಿಸಿದ್ರೆ ಅದು ಊಟ ಅಲ್ಲ ಅಂತಿದ್ರು. ಇಪ್ಪತ್ತೆಂಟು ವರ್ಷ ಐದು ಗಂಟೆಗೆ ಎದ್ದು ಹಾಗೇ ಕಟ್ಟಿದೀನಿ. ಅಲ್ಲಿ ಬಿಚ್ಚಿ ಇವರೇ ಕಲಸ್ಕೊಬೇಕು.”

“ಇವನಾ? ಕಲಸ್ಕೊಳೋದಾ?” ಶೇಷಾದ್ರಿಯವರಿಗೆ ನಗು ತಡೆಯಲಿಲ್ಲ. “ಒಂದು ಗಂಟೆಗೆ ಅಟೆಂಡರ್ ಮುನಿಯಪ್ಪ ನಾಲ್ಕೂ ಡಬ್ಬಿ ಒಂದೇ ತಟ್ಟೆಗೆ ಸುರಿದು, ಸ್ಪೂನಲ್ಲಿ ಕಲಸಿ ತಂದಿಡೋನು ಅತ್ತಿಗೆ. ಇವನು ಫೈಲ್ ನೋಡ್ತಾ ತಿನ್ನೋನು. ಏನು ತಿಂದ ಅಂತ ಒಂದು ದಿನಾನೂ ಗೊತ್ತಿರ್ಲಿಲ್ಲ!”

ಮೊಸರೂ? ಹುಳಿಯ ಜೊತೆ?

ನಮ್ಮವರು ಏಕಾಏಕಿ ವಾಲ್ಯೂಮ್ ಜಾಸ್ತಿ ಮಾಡಿದರು.

ಸೋಮವಾರ ಅವರು ವಾಕಿಂಗ್ ಹೋದಾಗ ಮೆನುವಿಗೆ ಹೋಗಿ ಮತ್ತೆ ಪಿಸಿಎಂ ಮಾಡಿಟ್ಟೆ. ಇಪ್ಪತ್ತೆಂಟು ವರ್ಷ ದಿನಕ್ಕೆ ನಾಲ್ಕು ಡಬ್ಬಿ ತೊಳೆದವಳಿಗೆ ಒಂದು ದೀಪ ಆರಿಸುವಷ್ಟೂ ಹಕ್ಕಿಲ್ಲವೇ?