ಮಷೀನಿನಲ್ಲಿಲ್ಲದ ಆಶ್ಚರ್ಯ

ನಮ್ಮ ಆಫೀಸಿನ ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಆಶ್ಚರ್ಯದ ಚಿಹ್ನೆಗೆ ಕೀ ಇರಲಿಲ್ಲ. ಬೇಕಾದರೆ ಚುಕ್ಕಿ ಹೊಡೆದು, ಒಂದು ಅಕ್ಷರ ಹಿಂದೆ ಸರಿದು, ಅದರ ನೆತ್ತಿಯ ಮೇಲೆ ಅಪಾಸ್ಟ್ರಫಿಯ ಗೆರೆ ಕೂರಿಸಬೇಕು. ದೊಡ್ಡಬಳ್ಳಾಪುರದಲ್ಲಿ ಟೈಪಿಂಗ್ ಕಲಿತವರಿಗೆಲ್ಲ ಗೊತ್ತಿದ್ದ ವಿದ್ಯೆ ಅದು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಾಶೆಟ್ಟಿಹಳ್ಳಿಯ ಬಟ್ಟೆ ಫ್ಯಾಕ್ಟರಿಯೊಂದಕ್ಕೆ ಟೈಪಿಸ್ಟ್ ಆಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಮ್ಯಾನೇಜರು ಕೈಯಲ್ಲಿ ಬರೆದ ನೋಟಿಸೊಂದನ್ನು ನನ್ನ ಮೇಜಿನ ಮೇಲೆ ಎಸೆದರು. ಹೆಸರು ನೋಡಿದೆ. ಹೊಲಿಗೆ ವಿಭಾಗದಲ್ಲಿದ್ದ, ನಮ್ಮ ಬೀದಿಯ ಅಕ್ಕನಿಗೆ ಬರೆದದ್ದು. ದಿನವೂ ಬಸ್ಸಿನಲ್ಲಿ ನನಗೆ ಸೀಟು ಹಿಡಿಯುತ್ತಿದ್ದವಳು. ಮಗುವಿಗೆ ಜ್ವರವೆಂದು ಆ ತಿಂಗಳು ಮತ್ತೆ ರಜೆ ಹಾಕಿದ್ದಳು. ಸರಿಯಾದ ಸಮಜಾಯಿಷಿ ಕೊಡದಿದ್ದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಇಂಗ್ಲಿಷಿನಲ್ಲಿತ್ತು. ನಡುವೆ ಒಂದು ಸಾಲು: ನಿನ್ನ ಮಗುವಿಗೆ ಮತ್ತೆ ಜ್ವರವೇ?!

ನನಗೆ ಮೈ ಉರಿಯಿತು. ಕೇಳುವುದಾದರೆ ಕೇಳಲಿ, ಪಕ್ಕದಲ್ಲಿ ಆ ಆಶ್ಚರ್ಯದ ಕಡ್ಡಿ ಯಾಕೆ? ಅದೊಂದು ನಿಂತರೆ ಅಕ್ಕ ಸುಳ್ಳಿ ಎಂದು ಬರೆದ ಹಾಗೆಯೇ. ಪ್ರಶ್ನೆಯ ಗುರುತು ಮಾತ್ರ ಹೊಡೆದು ಮುಂದಿನ ಸಾಲಿಗೆ ಹೋದೆ.

ಹಾಳೆ ಕೊಟ್ಟಾಗ ಮ್ಯಾನೇಜರ ಕಣ್ಣು ನೆಟ್ಟಗೆ ಅಲ್ಲಿಗೇ ಹೋಯಿತು. "ಇನ್ನೊಂದು ಮಾರ್ಕ್ ಎಲ್ಲಿ?"

"ಮಷೀನಲ್ಲಿ ಅದಕ್ಕೆ ಕೀ ಇಲ್ಲ ಸಾರ್."

ಅವರು ಹೆಡ್ ಕ್ಲರ್ಕ್ ಕಡೆ ತಿರುಗಿದರು. "ಹೌದೇನ್ರೀ?"

ಹೆಡ್ ಕ್ಲರ್ಕ್ ಅದೇ ಮಷೀನನ್ನು ವರ್ಷಗಟ್ಟಲೆ ಕುಟ್ಟಿದವರು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಕೀ ಇಲ್ಲ ಸಾರ್" ಎಂದರು.

ಮ್ಯಾನೇಜರು ಪೆನ್ನು ತೆಗೆದು, ಕಾಗದ ಹರಿಯುವ ಹಾಗೆ ಒತ್ತಿ ತಾವೇ ಗೆರೆ ಎಳೆದರು. ನನ್ನ ಜಾಣತನದಿಂದ ಆದದ್ದು ಇಷ್ಟೇ: ಅದು ಇನ್ನಷ್ಟು ಎದ್ದು ಕಾಣುತ್ತಿತ್ತು.

ಸಂಜೆ ಬಸ್ಸಿನಲ್ಲಿ ಅಕ್ಕ ಕಾಗದ ಬಿಚ್ಚಿದಳು. ಕನ್ನಡದಲ್ಲಿ ಓದಿ ಹೇಳಿದೆ. ಅವಳ ಬೆರಳು ಶಾಯಿಯ ಗೆರೆಯ ಮೇಲೆ ನಿಂತಿತು.

"ಎಲ್ಲಾ ಮಿಷನ್ ಅಕ್ಸರ, ಇದೊಂದ್ ಕೈಯಲ್ಲಿ ಬರ್ದವ್ರಲ್ಲ. ಸೈನಾ?"

"ಅಲ್ಲಕ್ಕ. ಆಶ್ಚರ್ಯ ಆದಾಗ ಹಾಕೋದು."

"ಮಗೀಗೆ ಜ್ವರ ಬಂದ್ರೆ ಆಶ್ಚರ್ಯ ಏನೈತೆ?"

ಸಮಜಾಯಿಷಿ ನಾನೇ ಬರೆದುಕೊಡುತ್ತೇನೆ ಎಂದೆ. ಅವಳು ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಬ್ಯಾಡ ಬಿಡು" ಎಂದಳು.

ಮರುದಿನ ಮಗುವಿಗೆ ಟವೆಲ್ ಸುತ್ತಿ ಎತ್ತಿಕೊಂಡೇ ಬಸ್ ಹತ್ತಿದಳು. ಮುಟ್ಟಿದರೆ ಮಗುವಿನ ಮೈ ಕಾದ ಹೆಂಚು. ಬೇಡ ಅಕ್ಕ, ವಾಪಸ್ ಹೋಗು ಎಂದು ಗೋಗರೆದೆ. ಕೇಳಲಿಲ್ಲ. ಗೇಟಿನವನು ತಡೆದರೂ ನಿಲ್ಲದೆ ನೇರ ಆಫೀಸಿನೊಳಕ್ಕೆ ಬಂದು ಮ್ಯಾನೇಜರ ಮುಂದೆ ನಿಂತಳು.

"ಮಗೂನ ಇಲ್ಲಿಗೆ ಯಾಕಮ್ಮ ತಂದೆ?"

"ಜ್ವರ ಅಂದ್ರೆ ನಿಮ್ಗೆ ಆಶ್ಚರ್ಯ ಆಯ್ತಂತಲ್ಲ ಸಾರ್. ಮುಟ್ ನೋಡಿ."

ಮ್ಯಾನೇಜರು ಮೊದಲು ನೋಡಿದ್ದು ನನ್ನನ್ನು. ಓದಿ ಹೇಳಿದವರು ಯಾರೆಂದು ಅವರಿಗೆ ತಿಳಿಯಿತು. ನನ್ನ ಕಥೆಯೂ ಮುಗಿಯಿತು ಎಂದುಕೊಂಡೆ. ಹೆಡ್ ಕ್ಲರ್ಕ್ ಫೈಲಿನಿಂದ ತಲೆ ಎತ್ತಲಿಲ್ಲ. ಮಗು ಕಣ್ಣು ಬಿಡದೆ ಏದುಸಿರು ಬಿಡುತ್ತಿತ್ತು. ಮ್ಯಾನೇಜರು ಮುಟ್ಟಲಿಲ್ಲ, ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರು.

"ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಹೋಗು."

"ಹೋದ್ರೆ ಇವತ್ತಿಂದೂ ತಪ್ಪು ಅಂತ ಬರೀತೀರಾ?"

"ಇಲ್ಲಮ್ಮ. ಕೆಲಸಕ್ಕೇನೂ ಆಗಲ್ಲ. ಹೋಗು."

ಅಕ್ಕ ಕದಲಲಿಲ್ಲ. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ಹಂಗಂತ ಬರ್ದುಕೊಡಿ ಸಾರ್."

ಮ್ಯಾನೇಜರು ನನ್ನ ಕಡೆ ತಿರುಗಿದರು. ನಾನು ಆಗಲೇ ಮಷೀನಿಗೆ ಹಾಳೆ ಏರಿಸಿದ್ದೆ.