ಎಮ್ಮೆ ಕರು ನೀರಿಗಿಳಿದ ಸಂಜೆ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಕನ್ನಡಿಗೆ ಯಾವುದೋ ನೀಲಿ ದ್ರವ ಚಿಮುಕಿಸಿ ಒರೆಸುತ್ತಿದ್ದರು. ಅಮೋನಿಯಾದ ಘಾಟು ಮೂಗಿಗೆ ಹೊಡೆಯಿತು. ಉಳಿದವರು ಮೂಗು ಮುಚ್ಚಿಕೊಂಡು ಹೊರಗೇ ನಿಂತರು. ನಾನೊಬ್ಬಳೇ ಒಳಗೆ ಹೋಗಿ ಜೋರಾಗಿ ಉಸಿರೆಳೆದುಕೊಂಡೆ. ನನ್ನ ಇಪ್ಪತ್ತರ ಪ್ರಾಯವೆಲ್ಲ ಕಳೆದದ್ದು ಈ ವಾಸನೆಯಲ್ಲೇ...

ಎಪ್ಪತ್ತರ ದಶಕದ ಕೊನೆಯಲ್ಲಿ ಪೀಣ್ಯದ ಕಡೆ ಒಂದು ಸರ್ಕಾರಿ ಕಾರ್ಖಾನೆಗೆ ನಾನು ಟ್ರೇಸರ್ ಆಗಿ ಸೇರಿದೆ. ಈಗಿನವರಿಗೆ ಆ ಕೆಲಸ ಏನೆಂದೇ ಗೊತ್ತಿರಲಿಕ್ಕಿಲ್ಲ. ಬೇರೆಯವರು ಪೆನ್ಸಿಲ್ಲಿನಲ್ಲಿ ಬರೆದ ಯಂತ್ರದ ಚಿತ್ರದ ಮೇಲೆ ತೆಳ್ಳಗಿನ ಪಾರದರ್ಶಕ ಕಾಗದ ಹಾಸಿ, ಅದೇ ಗೆರೆಗಳನ್ನು ಇಂಕಿನಲ್ಲಿ ತಿದ್ದುವುದು, ಅಷ್ಟೆ. ತಿದ್ದಿದ ಹಾಳೆಯನ್ನು ಅಮೋನಿಯಾ ಯಂತ್ರಕ್ಕೆ ಕೊಟ್ಟು ಪ್ರಿಂಟ್ ತೆಗೆಯುತ್ತಿದ್ದರು. ನಮ್ಮ ಕೋಣೆಗೆಲ್ಲ ಹಿರಿಯರಾದ ಒಬ್ಬರಿದ್ದರು, ಅವರನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಅಕ್ಕ ತಿದ್ದಿದ ಹಾಳೆಗೂ ಮೂಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಸಿಗುತ್ತಿರಲಿಲ್ಲ. ನನ್ನದು ತದ್ವಿರುದ್ಧ. ಪಿನ್ನು ಸಡಿಲವಾಗಿ, ಅರ್ಧ ಕೆಲಸದಲ್ಲಿ ಹಾಳೆ ಜರುಗಿ, ಒಂದು ಚಕ್ರ ಎರಡಾಗಿ ಕೂತಿರುತ್ತಿತ್ತು. "ನಿನ್ ಹಾಳೆಗೆ ಕಾಲಿದೆ ಕಣೆ," ಎಂದು ಅಕ್ಕ ನನ್ನ ಕೈಗೆ ಬ್ಲೇಡು ಕೊಟ್ಟು, ತಪ್ಪು ಗೆರೆ ಕೆರೆಯಲು ಕೂರಿಸುತ್ತಿದ್ದರು.

ಡಿಸೈನ್ ವಿಭಾಗದ ಎಂಜಿನಿಯರೊಬ್ಬರು ತರಬೇತಿಗೆಂದು ಜರ್ಮನಿಗೆ ಹೋಗಿ ಬರುವಾಗ ಪುಟ್ಟ ಸಿನಿಮಾ ಕ್ಯಾಮೆರಾ ತಂದಿದ್ದರು. ಕಾರ್ಖಾನೆ ಕಾಲೋನಿಯ ಮಕ್ಕಳ ದಿನಾಚರಣೆಗೆ ಒಂದು ಕಾರ್ಟೂನ್ ಸಿನಿಮಾ ಮಾಡಬೇಕೆಂಬ ಹುಚ್ಚು ಹತ್ತಿತು ಅವರಿಗೆ. ಒಂದೇ ಚಿತ್ರವನ್ನು ಬೇಸರವಿಲ್ಲದೆ ನೂರಾರು ಸಲ ಬರೆಯುವವರು ಬೇಕಿತ್ತು. ನೆಟ್ಟಗೆ ಅಕ್ಕನ ಮೇಜಿಗೆ ಬಂದರು. ಕಥೆ ಅಕ್ಕನ ಬಳಿಯೇ ಇತ್ತು. ಅವರ ತವರು ಚಿಕ್ಕಬಾಣಾವರ, ಬೇಸಾಯದ ಮನೆ. ಅಲ್ಲೊಂದು ಎಮ್ಮೆ ಕರುವಿಗೆ ನೀರು ಕಂಡರೆ ಭಯವಂತೆ. ತಾಯಿ ಎಮ್ಮೆ ಕೆರೆಯಲ್ಲಿ ಮೂಗಿನವರೆಗೆ ಮುಳುಗಿ ಹಾಯಾಗಿದ್ದರೆ, ಇದು ದಡದಲ್ಲಿ ನಿಂತು ಅರಚಿಕೊಳ್ಳುತ್ತಿತ್ತಂತೆ. ಎಮ್ಮೆಯಾಗಿ ಹುಟ್ಟಿ ನೀರಿಗೆ ಹೆದರುವುದೆಂದರೆ ನಗು ಬರದೆ ಇರುತ್ತದೆಯೆ? ನಾವೆಲ್ಲ ನಕ್ಕೆವು, ಅಕ್ಕ ನಗಲಿಲ್ಲ.

ಊಟದ ಬಿಡುವಿನಲ್ಲಿ, ಕತ್ತರಿಸಿ ಬಿಸಾಡಿದ ಕಾಗದದ ಚೂರುಗಳ ಮೇಲೆ ಬರೆಯತೊಡಗಿದರು. ಎಷ್ಟೋ ದಿನ ಡಬ್ಬಿಯ ಅನ್ನ ಹಾಗೇ ಮನೆಗೆ ವಾಪಸ್ಸಾಗುತ್ತಿತ್ತು. ಇದೇನಕ್ಕ ಇಷ್ಟು ಹಟ ಎಂದು ಕೇಳಿದ್ದಕ್ಕೆ, "ಇಷ್ಟ್ ವರ್ಷ ಬೇರೆಯವ್ರ ಗೆರೆ ಮೇಲೆ ಗೆರೆ ಎಳ್ದೆ. ಇದೊಂದು ನಂದು ಕಣೆ," ಅಂದರು.

ಆ ಹಾಳೆಗಳನ್ನು ಎಂಜಿನಿಯರ್ ಒಂದೊಂದಾಗಿ ಕ್ಯಾಮೆರಾದಲ್ಲಿ ಹಿಡಿದರು. ಫಿಲ್ಮ್ ತೊಳೆಯಲು ಬೊಂಬಾಯಿಗೆ ಹೋಗಿ ಬಂತು. ಎಂಜಿನಿಯರ್ ಸಾಹೇಬರ ಮನೆಯ ಗೋಡೆಯ ಮೇಲೆ ಬಿಟ್ಟು ನೋಡಿದೆವು. ಕರು ದಡದಲ್ಲಿ ನಿಂತಿತ್ತು. ಈಗ ಕಾಲೆತ್ತೀತು, ಆಗ ಕಾಲೆತ್ತೀತು ಎಂದು ಕಾದೆವು. ರೀಲು ಮುಗಿಯಿತು, ಕಾಲು ಏಳಲೇ ಇಲ್ಲ. ಹಿಂದಿನ ಹಾಳೆಗಿಂತ ಮುಂದಿನದು ಕೊಂಚ ಬೇರೆಯಾಗಬೇಕಿತ್ತು. ಅಕ್ಕನ ಕೈ ಎಲ್ಲಿ ಕೇಳಬೇಕು! ಗೆರೆ ಚೂರು ಆಚೆ ಹೋದರೂ ತಾನಾಗಿ ಎಳೆದು ತಂದು ಹಳೆಯ ಜಾಗದಲ್ಲೇ ಕೂರಿಸಿಬಿಟ್ಟಿತ್ತು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ನನ್ನತ್ರ ಇನ್ನೊಂದೇ ರೀಲ್ ಇರೋದು, ಯಾರಾದ್ರೂ ಬೋರ್ಡ್ ಬರೆಯೋ ಆರ್ಟಿಸ್ಟ್ ಹತ್ರ ಮಾಡಿಸ್ತೀನಿ," ಅಂದರು ಎಂಜಿನಿಯರ್.

"ಸ್ವಲ್ಪ ದಿನ ಕೊಡಿ ಸಾರ್," ಅಂದರು ಅಕ್ಕ.

ಆಮೇಲೆ ಕೆಲವು ದಿನ ಅವರು ಹಾಳೆಯ ಮುಂದೆ ಸುಮ್ಮನೆ ಕೂರುವುದು ನೋಡಿ ನನಗೇ ಸಂಕಟವಾಗುತ್ತಿತ್ತು. "ಗೆರೆ ಸರಿಸೋಕೆ ಕೈ ಹೆದರತ್ತೆ ಕಣೆ," ಎಂದರು ಒಮ್ಮೆ. ಹೀಗಿರುವಾಗ ನಾನು ಎಂದಿನಂತೆ ಒಂದು ಹಾಳೆ ಕೆಡಿಸಿ, ಬೈಗುಳ ತಿನ್ನಲು ತಯಾರಾಗಿ ಅವರ ಮುಂದಿಟ್ಟೆ. ಯಾವುದೋ ಹಿಡಿಕೆಯ ಚಿತ್ರ, ಜರುಗಿ ಜರುಗಿ ಮೂರಾಗಿತ್ತು. ಅಕ್ಕ ಬಹಳ ಹೊತ್ತು ನೋಡಿದರು. "ಇದು ತಿರುಗ್ತಾ ಇದೆ ಕಣೆ," ಅಂದರು ಮೆಲ್ಲಗೆ. ನೌಕರಿಯ ಅಷ್ಟೂ ಕಾಲದಲ್ಲಿ ನನ್ನ ಟ್ರೇಸಿಂಗಿಗೆ ಸಿಕ್ಕ ಮೆಚ್ಚುಗೆ ಅದೊಂದೇ.

ಅವತ್ತೇ ಅಕ್ಕ ಕರುವಿನ ಹಾಳೆಯ ಪಿನ್ನುಗಳನ್ನು ಕಿತ್ತರು. ಮೈಯ ಗೆರೆ ತಿದ್ದಿ, ಬೇಕೆಂದೇ ಕಾಗದವನ್ನು ಒಂದಿಷ್ಟು ಜರುಗಿಸಿ, ಆಮೇಲೆ ಕಾಲಿನ ಗೆರೆ ಎಳೆದರು. ಜರುಗಿದ ಹಾಳೆಗಾಗಿ ನಮ್ಮನ್ನೆಲ್ಲ ಗದರಿದವರು, ಈಗ ತಾವೇ ಜರುಗಿಸುತ್ತಾ ಕಳ್ಳರ ಹಾಗೆ ಬಾಗಿಲ ಕಡೆ ನೋಡುತ್ತಿದ್ದರು.

ಮಕ್ಕಳ ದಿನಾಚರಣೆಯ ಸಂಜೆ ಕಾಲೋನಿಯ ಸಭಾಂಗಣ ತುಂಬಿತ್ತು. ಪರದೆಯ ಮೇಲೆ ಕರು ಬಂತು. ಕಾಲು ಮುಂದಿಟ್ಟಿತು, ನೀರು ತಾಗಿದ್ದೇ ಹಾರಿ ಹಿಂದಕ್ಕೆ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಮತ್ತೆ ಬಂತು, ಮತ್ತೆ ಓಡಿತು. ಆಮೇಲೆ ನಗು ನಿಂತುಹೋಯಿತು. ನನ್ನ ಪಕ್ಕದಲ್ಲಿದ್ದ ಪುಟ್ಟ ಹುಡುಗಿ "ಹೋಗು, ಹೋಗು," ಎಂದು ಪಿಸುಗುಡುತ್ತಿದ್ದಳು. ಕರು ಕಣ್ಣು ಮುಚ್ಚಿಕೊಂಡು ಇಳಿಯಿತು. ಮೊಣಕಾಲು, ಹೊಟ್ಟೆ, ಕುತ್ತಿಗೆ... ಕೊನೆಗೆ ನೀರ ಮೇಲೆ ಎರಡು ಮೂಗಿನ ಹೊಳ್ಳೆ ಮಾತ್ರ. ಸಭಾಂಗಣದಲ್ಲಿ ಎದ್ದ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಚೌಕ ಮೂಡಿತು. ಕಾರ್ಖಾನೆಯ ಪ್ರತಿ ಹಾಳೆಯ ಮೂಲೆಯಲ್ಲಿ ಇರುತ್ತಿದ್ದ ಚೌಕ ಅದು. ಬರೆದವರು ಯಾರು, ತಿದ್ದಿದವರು ಯಾರು ಎಂದು ಬೇರೆ ಬೇರೆ ಕಡೆ ಸಹಿ. ಅಕ್ಕನ ಸಹಿ ಯಾವಾಗಲೂ ತಿದ್ದಿದವರ ಕಡೆ. ಆ ಸಂಜೆ ಬರೆದವರ ಕಡೆ ಅವರ ಪೂರ್ತಿ ಹೆಸರಿತ್ತು, ದಪ್ಪ ಅಕ್ಷರದಲ್ಲಿ. ನಾನು ತಿರುಗಿ ನೋಡಿದೆ. ಹಿಂದೆ ಬಾಗಿಲ ಬಳಿ ಅಕ್ಕ ಸೆರಗು ಹೊದ್ದು ನೆಟ್ಟಗೆ ನಿಂತಿದ್ದರು. ನನ್ನ ಹೆಸರೇ ಬಂದಿದ್ದರೂ ನಾನು ಅಷ್ಟು ಹೆಮ್ಮೆ ಪಡುತ್ತಿರಲಿಲ್ಲ.

ಎಂಜಿನಿಯರ್ ವರ್ಗವಾಗಿ ಹೋದರು, ರೀಲು ಅವರ ಜೊತೆ ಎಲ್ಲಿ ಹೋಯಿತೋ... ಕಂಪ್ಯೂಟರ್ ಬಂದು ನಮ್ಮ ಕೆಲಸವೂ ಹೋಯಿತು. ಹೋದ ವರ್ಷ ಅಕ್ಕನನ್ನು ನೋಡಲು ಹೋದಾಗ ಅವರ ಕಾಫಿ ಲೋಟ ಕೈಯಲ್ಲಿ ತುಳುಕುತ್ತಿತ್ತು. "ನೋಡು, ಈಗ ಕೈ ತಾನಾಗೇ ಅಲ್ಲಾಡತ್ತೆ. ಇನ್ನೊಂದ್ ಸಿನಿಮಾ ಮಾಡ್ಬಹುದಿತ್ತು ಕಣೆ," ಎಂದು ನಕ್ಕರು. ಮಾಡೋಣ ಅಕ್ಕ, ಕಾಗದ ನಾನು ತರ್ತೀನಿ ಅಂದೆ. ಟ್ರೇಸಿಂಗ್ ಕಾಗದ ಈಗ ಸುಲಭಕ್ಕೆ ಸಿಗುವುದಿಲ್ಲ, ಅವೆನ್ಯೂ ರೋಡೆಲ್ಲ ಅಲೆದು ಒಂದು ಸುರುಳಿ ತಂದೆ. ಅದನ್ನು ಕೊಡಲು ಹೊರಟ ದಿನ ಅವರ ಮಗಳ ಫೋನು ಬಂತು. ಸುರುಳಿ ನಮ್ಮ ಬೀರುವಿನ ಮೇಲೆ ಹಾಗೇ ಇದೆ. ನನ್ನಲ್ಲಿ ಕಾಗದವಿದೆ, ಬರೆಯುವವರು ಇಲ್ಲ.